ಪೆಟ್ರೋಲಿನ ವಾಸನೆ

ಮೋಟಾರು ಕಾರಿನ ಕಾಯಿಲೆಗಳಲ್ಲಿ ಹಲವು ನಮಗೆ ಕೊಂಚ ಕಾಲಾವಕಾಶ ಕೊಡುತ್ತವೆ. ಮುದಿ ಬ್ಯಾಟರಿ ಸಂಬಳದ ದಿನದವರೆಗೆ ತಡೆದೀತು. ಕಿರುಗುಟ್ಟುವ ಬಾಗಿಲಂತೂ ವರ್ಷಗಟ್ಟಲೆ ಕಾಯುತ್ತದೆ. ಇಂಧನದ ಸೋರಿಕೆ ಆ ಜಾತಿಯದಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲು ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೇರಿ ಚದುರದೆ ನೆಲದ ಮಟ್ಟದಲ್ಲೇ ಹರಡಿ ಒಂದು ಕಿಡಿಗಾಗಿ ಹೊಂಚುಹಾಕುತ್ತದೆ. ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಶ್ರೋತೃಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಕಾರಿನ ಕೆಳಗೆ ಕಂಡ ತೇವವೆಲ್ಲ ಪೆಟ್ರೋಲಲ್ಲ. ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಯಾರೂ ಹೆದರಬೇಕಿಲ್ಲ. ವಾಸನೆ ಯಾವಾಗ ಬರುತ್ತದೆಂದು ಗಮನಿಸಿದರೆ ಅರ್ಧ ರೋಗನಿದಾನ ಮುಗಿದಂತೆ. ಟ್ಯಾಂಕು ತುಂಬಿಸಿದಾಗ ಮಾತ್ರ ಬಂದರೆ ಟ್ಯಾಂಕಿನ ಮೇಲ್ಭಾಗದ ಮೇಲೆ ಸಂಶಯಪಡಬೇಕು. ಎಂಜಿನ್ ಓಡುವಾಗ ಬಾನೆಟ್ಟಿನ ಕಡೆಯಿಂದ ಬಂದರೆ ಇಂಜೆಕ್ಟರುಗಳತ್ತ ನೋಡಬೇಕು. ಅಲ್ಲಿ ಪೆಟ್ರೋಲು ವಾಯುಮಂಡಲದ ಮೂರು ನಾಲ್ಕು ಪಟ್ಟು ಒತ್ತಡದಲ್ಲಿರುತ್ತದೆ. ಕಾದ ಲೋಹವೂ ಪಕ್ಕದಲ್ಲೇ ಇರುತ್ತದೆ. ಎರಡರಲ್ಲಿ ಯಾವುದಾದರೂ ಸರಿಯೆ, ಅಂಥ ಕಾರನ್ನು ಓಡಿಸಕೂಡದು, ಎಳೆಸಿಕೊಂಡೇ ಹೋಗಬೇಕು.

ನನ್ನ ಹತ್ತು ವರ್ಷದ ಕಾರಿನಲ್ಲಿ ವಾಸನೆ ಎದ್ದದ್ದು ಹಿಂದಿನ ಸೀಟಿನಿಂದ. ಪ್ರತಿದಿನ ನನ್ನ ಮೊಮ್ಮಗಳು ಕುಳಿತು ಶಾಲೆಗೆ ಹೋಗುವ ಸೀಟು ಅದು. ಮೈಸೂರಿನ ಒಂದು ಅಧಿಕೃತ ಸರ್ವೀಸ್ ಕೇಂದ್ರಕ್ಕೆ ಎಳೆಸಿಕೊಂಡು ಹೋದೆ. ಸಂಜೆಗೆ ಎಸ್ಟಿಮೇಟ್ ಬಂತು: ಪಂಪಿನ ಇಡೀ ಅಸೆಂಬ್ಲಿ, ಹೊಸ ಟ್ಯಾಂಕು, ಕೂಲಿ, ತೆರಿಗೆ, ಒಟ್ಟು 41,000 ರೂಪಾಯಿ. ನನ್ನ ಒಂದು ತಿಂಗಳ ನಿವೃತ್ತಿ ವೇತನ ಅಷ್ಟಿಲ್ಲ.

“ಸೋರುವ ಜಾಗವನ್ನು ತೋರಿಸಪ್ಪ” ಎಂದೆ. ಅಲ್ಲಿನ ಹುಡುಗ ಸಂಕೋಚವಿಲ್ಲದೆ ಸೀಟು ಎತ್ತಿ ತೋರಿಸಿದ. ಪಂಪಿನ ಮುಚ್ಚಳದ ಕೆಳಗಿನ ರಬ್ಬರು ಉಂಗುರ ಸೆಟೆದು ಬಿರುಕು ಬಿಟ್ಟಿತ್ತು. ಟ್ಯಾಂಕಿಗೆ ಏನೂ ಆಗಿರಲಿಲ್ಲ.

“ಇದೊಂದನ್ನೇ ಬದಲಿಸಬಾರದೆ?”

“ಅದು ಬಿಡಿಯಾಗಿ ಬರಲ್ಲ ಸಾರ್. ಇಡೀ ಅಸೆಂಬ್ಲೀನೇ ಹಾಕಬೇಕು.”

ಆ ಹುಡುಗ ಸುಳ್ಳು ಹೇಳಲಿಲ್ಲ. ಅವನ ಕಂಪ್ಯೂಟರಿನ ಪಟ್ಟಿಯಲ್ಲಿ ಉಂಗುರವೆಂಬ ವಸ್ತುವೇ ಇರಲಿಲ್ಲ. ರೋಗದ ಜಾಗವನ್ನು ಬಲ್ಲವನಿಗೆ ಅದನ್ನಷ್ಟೇ ವಾಸಿಮಾಡುವ ಅಧಿಕಾರವಿಲ್ಲ! ರಿಪೇರಿಯೆಂಬ ವಿದ್ಯೆ ಅಂಥ ಕಡೆಗಳಲ್ಲಿ ಬರಿಯ ಬದಲಾವಣೆಯಾಗಿ ಇಳಿದುಹೋಗಿದೆ.

ಇದು ನನ್ನೊಬ್ಬನ ಗೊಣಗಾಟವಲ್ಲ. ಬಿಡಿಭಾಗಗಳನ್ನು ಹೊರಗಿನ ರಿಪೇರಿಗಾರರಿಗೆ ಮುಕ್ತವಾಗಿ ಸಿಗಗೊಡುತ್ತಿಲ್ಲವೆಂದು ಭಾರತದ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮಿಕ್ಕ ದಂಡ ಹಾಕಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಈಗ ಪ್ರಶ್ನೆ ಇನ್ನಷ್ಟು ಹತ್ತಿರ ಬಂದಿದೆ. ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ವಯಸ್ಸಾದ ರಬ್ಬರು ಹೇಗೂ ಸೆಟೆಯುತ್ತದೆ. ಎಥನಾಲಿಗೆಂದು ತಯಾರಾಗದ ಹಳೆಯ ರಬ್ಬರಿಗೆ ಈ ಮಿಶ್ರಣ ಇನ್ನಷ್ಟು ಬಾಧಕ. ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರು ಓಡಿದ ಮೇಲೆ ರಬ್ಬರು ಭಾಗಗಳನ್ನು ಬದಲಿಸಬೇಕಾದೀತು, ಆ ಕೆಲಸ ಅಗ್ಗದ್ದು ಎಂದು ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟಿನಲ್ಲಿ ತಿಳಿಸಿತು. ನಿಜ, ಉಂಗುರ ಅಗ್ಗವೇ. ಅದನ್ನು ಬಿಡಿಯಾಗಿ ಮಾರುವವರು ಬೇಕು, ಅಷ್ಟೆ.

ನನಗೆ ಅದು ಸಿಕ್ಕಿದ್ದು ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ, 650 ರೂಪಾಯಿಗೆ. ನಮ್ಮ ಬಡಾವಣೆಯ ಮೇಸ್ತ್ರಿ ಅದನ್ನು ಕೂರಿಸಿದರು. ಅಗ್ಗವೆಂಬ ಕಾರಣಕ್ಕಾಗಿ ನಾನು ಅವರನ್ನು ಹೊಗಳುತ್ತಿಲ್ಲ. ಅಂಟು ಮೆತ್ತಿ ಸೋರಿಕೆಯನ್ನು ಮುಚ್ಚುವ, ಸಾಮಾನ್ಯ ರಬ್ಬರು ಕೊಳವೆಯನ್ನು ಪೆಟ್ರೋಲಿಗೆ ಜೋಡಿಸುವ ಕೈಗಳೂ ಉಂಟು. ಅವಕ್ಕಿಂತ 41,000 ರೂಪಾಯಿಯ ಬಿಲ್ಲೇ ಮೇಲು. ಈ ಮೇಸ್ತ್ರಿ ಕಾರನ್ನು ಬಯಲಿಗೆ ತಳ್ಳಿಸಿ, ಬ್ಯಾಟರಿಯ ತಂತಿ ಕಳಚಿ, ಸುತ್ತ ಯಾರೂ ಬೀಡಿ ಹಚ್ಚದಂತೆ ನೋಡಿಕೊಂಡ ಮೇಲೆಯೇ ಮುಚ್ಚಳಕ್ಕೆ ಕೈಹಾಕಿದರು. ಟ್ಯಾಂಕು ತುಂಬಿಸಿ ಎರಡು ದಿನ ತಮ್ಮಲ್ಲೇ ನಿಲ್ಲಿಸಿಕೊಂಡರು. ಸಾವಿರ ರೂಪಾಯಿ ಕೂಲಿ ಪಡೆದು, ಹಳೆಯ ಉಂಗುರವನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿತ್ತರು. ಮನೆಗೆ ಬಂದು ಬಗ್ಗಿಸಿ ನೋಡಿದೆ, ಹಪ್ಪಳದಂತೆ ಮುರಿಯಿತು.