ಲೋಖಂಡೆಯವರ ನಿಧನವಾರ್ತೆ

(ಸಂಘದ ವಾಚನಾಲಯದಲ್ಲಿ ಅಭ್ಯಾಸ ಮಂಡಲದ ಪರವಾಗಿ ಓದಿದ ಭಾಷಣ)



ವಾಚನಾಲಯದ ಗೋಡೆಗೆ ಕಾರ್ಮಿಕ ಮುಂದಾಳುಗಳ ಚಿತ್ರಗಳನ್ನು ಹಾಕಬೇಕು, ಪ್ರತಿಯೊಂದರ ಕೆಳಗೆ ನಾಲ್ಕು ಸಾಲಿನ ಪರಿಚಯವಿರಬೇಕು ಎಂದು ಕಾರ್ಯಕಾರಿ ಮಂಡಳಿ ನಿಶ್ಚಯಿಸಿತಷ್ಟೆ. ಅದರಲ್ಲಿ ನಮ್ಮ ಪಾಲಿಗೆ ಬಂದವರು ನಾರಾಯಣ ಮೇಘಾಜಿ ಲೋಖಂಡೆಯವರು. ನಾಲ್ಕು ಸಾಲು ತಾನೆ, ಒಂದು ರಾತ್ರಿ ಕುಳಿತರೆ ಮುಗಿಯಿತು ಎಂದುಕೊಂಡೆವು. ಅಷ್ಟರಲ್ಲಿ ನಮ್ಮ ಪತ್ರಿಕೆಯ ಸಂಪಾದಕರು ಒಂದು ಮಾತು ಹೇಳಿದರು: "ಪರಿಚಯ ಬೇಡ. ಅವರು ತೀರಿಕೊಂಡ ದಿನ ನಮ್ಮ ಪತ್ರಿಕೆ ಇದ್ದಿದ್ದರೆ ಏನು ಬರೆಯಬೇಕಾಗಿತ್ತೋ ಅದನ್ನು ಬರೆಯಿರಿ." ಹೀಗಾಗಿ 1897ರಲ್ಲಿ ತೀರಿಕೊಂಡ ಒಬ್ಬರಿಗೆ ಇಷ್ಟು ತಡವಾಗಿ ನಿಧನವಾರ್ತೆ ಬರೆಯುವ ಕೆಲಸ ನಮ್ಮ ತಲೆಗೆ ಬಂತು. ಒಂದು ರಾತ್ರಿಯ ಕೆಲಸಕ್ಕೆ ಐದು ತಿಂಗಳು ಹಿಡಿಯಿತು.

ಮೊದಲು ಬರೆದದ್ದನ್ನು ನೆನೆದರೆ ಈಗ ನಗು ಬರುತ್ತದೆ. "ತ್ಯಾಗಮೂರ್ತಿ, ದೀನೋದ್ಧಾರಕ, ಕಾರ್ಮಿಕರ ಕಣ್ಮಣಿ" ಎಂದು ಶುರುಮಾಡಿ ಒಂದು ಪುಟ ತುಂಬಿಸಿದ್ದೆವು. ಮೂವತ್ತು ವರ್ಷ ಸಾಂಚೆಯ ಮುಂದೆ ನಿಂತು ನಿವೃತ್ತರಾದ ನಮ್ಮ ಹಿರಿಯರೊಬ್ಬರು ಅದನ್ನು ಪೂರ್ತಿ ಕೇಳಿ, "ಅಲ್ರೀ, ಇದರಾಗ ಹೆಸರೊಂದು ತಗದು ಬ್ಯಾರೆ ಹೆಸರು ಹಾಕಿದ್ರ ಯಾರಿಗೆ ಒಪ್ಪೂದಿಲ್ಲ ಹೇಳ್ರಿ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ಕಾಗದವನ್ನು ಹರಿದೆವು.

ಅನಂತರ ಹುಡುಕಾಟ. ಮನೋಹರ ಕದಂ ಅವರು ಮರಾಠಿಯಲ್ಲಿ ಲೋಖಂಡೆಯವರ ಮೇಲೆ ಬರೆದ ಪುಸ್ತಕ ಒಂದು ಆಧಾರ. ಫ್ಯಾಕ್ಟರಿ ಆಯೋಗಗಳ ವರದಿಗಳು ಇನ್ನೊಂದು. ಮೂರನೆಯದು ನಮಗೆ ಸೋಜಿಗ ತಂದಿತು. ಬ್ರಿಟಿಷ್ ಸರಕಾರ ದೇಶೀ ಪತ್ರಿಕೆಗಳಲ್ಲಿ ಬಂದದ್ದನ್ನು ವಾರವಾರವೂ ಇಂಗ್ಲಿಷಿಗೆ ಇಳಿಸಿ ಅಧಿಕಾರಿಗಳಿಗಾಗಿ ವರದಿ ಮಾಡಿಸುತ್ತಿತ್ತು. ಲೋಖಂಡೆಯವರ 'ದೀನಬಂಧು' ಪತ್ರಿಕೆಯ ಮಾತುಗಳೂ ಅದರಲ್ಲಿವೆ. ಕಾವಲಿಗೆಂದು ಬರೆಸಿಟ್ಟ ಕಾಗದ ಈಗ ನಮ್ಮಂಥವರಿಗೆ ಉಪಕಾರವಾಗಿದೆ. ರಜೆಯ ದಿನ ಗ್ರಂಥಾಲಯ ಮುಚ್ಚಿರುತ್ತದೆ, ಗ್ರಂಥಾಲಯ ತೆರೆದ ದಿನ ನಮಗೆ ರಜೆಯಿಲ್ಲ. ಅದು ಬೇರೆ ಕಥೆ, ಇರಲಿ.

ಲೋಖಂಡೆಯವರು 1848ರಲ್ಲಿ ಠಾಣೆಯಲ್ಲಿ ಹುಟ್ಟಿದರು. ರೈಲ್ವೆ, ಅಂಚೆ ಖಾತೆಗಳಲ್ಲಿ ಕೆಲಸ ಮಾಡಿ ಮುಂದೆ ಒಂದು ಗಿರಣಿಯ ಉಗ್ರಾಣ ನೋಡಿಕೊಳ್ಳುವವರಾದರು. ಸಾಂಚೆಯ ಮುಂದೆ ನಿಂತವರಲ್ಲ, ಲೆಕ್ಕದ ಪುಸ್ತಕ ಹಿಡಿದವರು. ಆದರೆ ಬೆಳಕು ಹರಿಯುವ ಮುನ್ನ ಒಳಗೆ ಹೋಗಿ ಕತ್ತಲಾದ ಮೇಲೆ ಹೊರಗೆ ಬರುವವರನ್ನು ದಿನವೂ ಕಣ್ಣಾರೆ ಕಂಡರು. ಜೋತಿರಾವ್ ಫುಲೆಯವರು 1873ರಲ್ಲಿ ಸ್ಥಾಪಿಸಿದ ಸತ್ಯಶೋಧಕ ಸಮಾಜಕ್ಕೆ ಸೇರಿದವರು. ಕೃಷ್ಣರಾವ್ ಭಾಲೇಕರರು 1877ರಲ್ಲಿ ಪುಣೆಯಲ್ಲಿ ಹೊರಡಿಸಿದ 'ದೀನಬಂಧು' ನಿಂತುಹೋದಾಗ ಅದನ್ನು 1880ರಲ್ಲಿ ಮುಂಬಯಿಗೆ ತಂದು ನಡೆಸಿದರು.

ಆ ಕಾಲದ ಗಿರಣಿಯ ಸ್ಥಿತಿ ಹೇಗಿತ್ತೆಂದರೆ, 1881ರ ಮೊದಲನೆಯ ಫ್ಯಾಕ್ಟರಿ ಕಾಯಿದೆ ಏಳು ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಹಚ್ಚಬಾರದೆಂದಿತು. ಎಂದರೆ ಏಳು ತುಂಬಿದ ಕೂಸನ್ನು ಹಚ್ಚಬಹುದು. ಅದಕ್ಕೆ ದಿನಕ್ಕೆ 9 ಗಂಟೆ. ದೊಡ್ಡವರ ದುಡಿಮೆಗೆ ಮಿತಿಯೇ ಇಲ್ಲ. ವಿದ್ಯುದ್ದೀಪ ಬಂದಿರಲಿಲ್ಲವಾದ್ದರಿಂದ ಸೂರ್ಯನೇ ಗಡಿಯಾರ. ಬೇಸಿಗೆಯಲ್ಲಿ ಹಗಲು ಬೆಳೆದಂತೆ ಕೆಲಸವೂ ಬೆಳೆಯುತ್ತಿತ್ತು. ರಜೆ ಸಿಕ್ಕರೂ ಯಂತ್ರ ಒರೆಸಲು ಬೆಳಗ್ಗೆ ಬರಬೇಕು.

1884ರಲ್ಲಿ ಮುಂಬಯಿ ಸರಕಾರ ಒಂದು ಫ್ಯಾಕ್ಟರಿ ಆಯೋಗ ನೇಮಿಸಿತು. ಕೂಲಿಕಾರರ ಮಾತನ್ನು ಅದರ ಮುಂದೆ ಇಡಬೇಕೆಂದು ಲೋಖಂಡೆಯವರು ಆ ವರ್ಷ ಸೆಪ್ಟೆಂಬರದಲ್ಲಿ ಪರಳದಲ್ಲಿ ಸಭೆ ಕರೆದರು. ಅಲ್ಲಿ ತಯಾರಾದ ಅರ್ಜಿಗೆ 5,500 ಮಂದಿ ಸಹಿ ಹಾಕಿದರು. ಆ ಬೇಡಿಕೆಗಳನ್ನು ನಾವು ಜೋರಾಗಿ ಓದಿದೆವು. ಭಾನುವಾರ ಪೂರ್ತಿ ಬಿಡುವು. ಮಧ್ಯಾಹ್ನ ಅರ್ಧ ಗಂಟೆ ವಿರಾಮ. ಬೆಳಗ್ಗೆ ಆರೂವರೆಯಿಂದ ಸೂರ್ಯಾಸ್ತದವರೆಗೆ ಮಾತ್ರ ಕೆಲಸ. ಸಂಬಳ ಮರುತಿಂಗಳ 15ನೆಯ ತಾರೀಕಿನೊಳಗೆ. ಕೆಲಸದಲ್ಲಿ ಗಾಯವಾದರೆ ವಾಸಿಯಾಗುವವರೆಗೆ ಪೂರ್ತಿ ಪಗಾರ, ಜೀವಮಾನ ಅಂಗವಿಕಲನಾದರೆ ಬದುಕಲು ತಕ್ಕ ಏರ್ಪಾಡು. "ಸೂರ್ಯಾಸ್ತದವರೆಗೆ ಮಾತ್ರ" ಎಂಬಲ್ಲಿಗೆ ಬಂದಾಗ ಓದುತ್ತಿದ್ದವರು ನಿಂತರು. ಹನ್ನೆರಡು ಗಂಟೆಯ ದುಡಿತವನ್ನು ಬೇಡಿಕೆಯಾಗಿ ಕೇಳಬೇಕಾಗಿದ್ದ ಕಾಲ ಅದು.

ಕೂಡಲೇ ಏನೂ ಸಿಗಲಿಲ್ಲ. ಐದಾರು ವರ್ಷ ಅರ್ಜಿ, ಸಭೆ, ಲೇಖನ. 1890ರ ಏಪ್ರಿಲ್ 24ರಂದು ನಡೆದ ಸಭೆಗೆ 10,000 ಕೆಲಸಗಾರರು ನೆರೆದರು. ಅಲ್ಲಿ ಇಬ್ಬರು ಹೆಣ್ಣಾಳುಗಳೂ ಎದ್ದು ಮಾತನಾಡಿದರು. ಆ ವರ್ಷ ಜೂನ್ 10ರಂದು ಗಿರಣಿ ಮಾಲೀಕರ ಸಂಘ ವಾರಕ್ಕೊಂದು ದಿನದ ಬಿಡುವಿಗೆ ಒಪ್ಪಿತು. ಮರುವರ್ಷದ, ಎಂದರೆ 1891ರ ಕಾಯಿದೆಯಲ್ಲಿ ವಾರದ ರಜೆ, ನಡುಹಗಲಿನ ಅರ್ಧ ಗಂಟೆಯ ವಿರಾಮ, ಹೆಂಗಸರಿಗೆ 11 ಗಂಟೆಯ ಮಿತಿ, ಮಕ್ಕಳಿಗೆ 7 ಗಂಟೆಯ ಮಿತಿ ಬಂದವು. ಗಂಡಸರ ದುಡಿಮೆಗೆ ಮಿತಿ ಬೀಳಲು 1911ರವರೆಗೆ ಕಾಯಬೇಕಾಯಿತು. ಆಗಲೂ ಬಟ್ಟೆ ಗಿರಣಿಗಳಲ್ಲಿ 12 ಗಂಟೆ!

ಇಲ್ಲಿಯವರೆಗೆ ಸುಲಭ. ಜಗಳವೆದ್ದದ್ದು ಮುಂದೆ.

ಲೋಖಂಡೆಯವರು ಕಟ್ಟಿದ 'ಬಾಂಬೆ ಮಿಲ್ ಹ್ಯಾಂಡ್ಸ್ ಅಸೋಸಿಯೇಶನ್' ಹಿಂದೂಸ್ಥಾನದ ಮೊದಲನೆಯ ಕಾರ್ಮಿಕ ಸಂಘ ಎಂದು ಅನೇಕ ಪುಸ್ತಕಗಳಲ್ಲಿದೆ. ನಾವೂ ಹಾಗೆಯೇ ಬರೆದಿದ್ದೆವು. ಆಗ 1892ರ ಫ್ಯಾಕ್ಟರಿ ಕಾಯಿದೆಯ ಸರಕಾರಿ ವರದಿ ಎದುರಿಗೆ ಬಂತು. ಇದು ವ್ಯವಸ್ಥಿತವಾದ ಸಂಘವಲ್ಲ, ಇದಕ್ಕೆ ಸದಸ್ಯರ ಪಟ್ಟಿಯಿಲ್ಲ, ನಿಧಿಯಿಲ್ಲ, ನಿಯಮಗಳಿಲ್ಲ, ತನ್ನ ಬಳಿಗೆ ಬಂದ ಕೂಲಿಕಾರರಿಗೆ ಲೋಖಂಡೆಯವರು ಸ್ವಇಚ್ಛೆಯಿಂದ ಸಲಹೆ ಕೊಡುತ್ತಾರೆ, ಅಷ್ಟೆ, ಎಂದು ಅದರ ಅಭಿಪ್ರಾಯ. ನಮ್ಮಲ್ಲಿ ಕೆಲವರು ಇದನ್ನು ಬಿಟ್ಟುಬಿಡೋಣ ಎಂದರು. "ದೊಡ್ಡವರ ನಿಧನವಾರ್ತೆಯಲ್ಲಿ ವೈರಿಯ ಮಾತೇಕೆ?" ಎರಡು ವಾರ ವಾದ ನಡೆಯಿತು. ಕೊನೆಗೆ ಸೇರಿಸಬೇಕೆಂದೇ ತೀರ್ಮಾನವಾಯಿತು. ಚಂದಾ, ಪಟ್ಟಿ, ನಿಯಮಗಳುಳ್ಳ ಸಂಘ ಮದ್ರಾಸಿನಲ್ಲಿ 1918ರಲ್ಲಿ ಹುಟ್ಟಿತು. ಸಂಘಗಳನ್ನು ನೋಂದಾಯಿಸುವ ಕಾಯಿದೆ ಬಂದದ್ದು 1926ರಲ್ಲಿ. 1884ರಲ್ಲಿ ಚಂದಾ ವಸೂಲಿಗೆ ಗಿರಣಿಯ ಬಾಗಿಲಲ್ಲಿ ನಿಂತಿದ್ದರೆ ಯಾರ ಕೆಲಸ ಉಳಿಯುತ್ತಿತ್ತು? ಮೇಲಾಗಿ, ಪಟ್ಟಿಯಿಲ್ಲದೆ ಹತ್ತು ಸಾವಿರ ಜನ ಕೂಡಿದ್ದು ಸುಳ್ಳಲ್ಲ. 'ಮೊದಲನೆಯ' ಎಂಬ ಪದವನ್ನು ತೆಗೆದೆವು, ಅವರಿಗೇನೂ ಕಡಿಮೆಯಾದಂತೆ ನಮಗೆ ತೋರಲಿಲ್ಲ.

ಇನ್ನೊಂದು ತೊಡಕು. ಹಿಂದೂಸ್ಥಾನದ ಗಿರಣಿಗಳಿಗೆ ಕಾಯಿದೆ ಬೇಕೆಂದು ಕೂಗಿದವರಲ್ಲಿ ಲ್ಯಾಂಕಶೈರಿನ ಮಾಲೀಕರೂ ಇದ್ದರು. ಮುಂಬಯಿಯ ಬಟ್ಟೆ ಅಗ್ಗವಾಗಿ ತಮ್ಮ ವ್ಯಾಪಾರ ಕೆಡುತ್ತಿದೆ ಎಂಬುದು ಅವರ ಹೊಟ್ಟೆನೋವು. ಆದ್ದರಿಂದ ದೇಶಾಭಿಮಾನಿ ಪತ್ರಿಕೆಗಳು ಹಲವು, ಪುಣೆಯ 'ಮರಾಠಾ' ಕೂಡ, ಕಾಯಿದೆಗೆ ವಿರೋಧವಾಗಿ ಬರೆದವು. ಸ್ವದೇಶಿ ಮಾಲೀಕನ ವಿರುದ್ಧ ವಿದೇಶೀ ಸರಕಾರಕ್ಕೆ ಅರ್ಜಿ ಕೊಡಬೇಕಾದ ಇಕ್ಕಟ್ಟಿನಲ್ಲಿ ಲೋಖಂಡೆಯವರು ನಿಂತಿದ್ದರು. 1893ರ ಹಿಂದೂ-ಮುಸಲ್ಮಾನ ದಂಗೆಯಲ್ಲಿ ಶಾಂತಿಗಾಗಿ ದುಡಿದದ್ದಕ್ಕೆ ಅದೇ ಸರಕಾರ 1895ರಲ್ಲಿ 'ರಾವ್ ಬಹದ್ದೂರ್' ಪದವಿ ಕೊಟ್ಟಿತು, ಅವರು ತೆಗೆದುಕೊಂಡರು. ಇದನ್ನೂ ಮುಚ್ಚಿಡಲಿಲ್ಲ. ಅವರಿಗಿಂತ ಮುಂಚೆಯೇ ಗಿರಣಿಯ ಮಕ್ಕಳಿಗಾಗಿ ಕಾಯಿದೆ ಕೇಳಿದ ಸೊರಾಬ್‌ಜಿ ಶಾಪುರ್‌ಜಿ ಬೆಂಗಾಲಿಯವರ ಹೆಸರನ್ನೂ ಸೇರಿಸಿದೆವು.

ಭಾನುವಾರವೇ ಯಾಕೆ? ಅದು ಜೇಜುರಿಯ ಖಂಡೋಬನ ವಾರವೆಂದು ಲೋಖಂಡೆಯವರು ವಾದಿಸಿದರೆಂದು ಬಹಳ ಮಂದಿ ಹೇಳುತ್ತಾರೆ. ಖಂಡೋಬ ಎಂದರೆ ನಮ್ಮ ಮೈಲಾರಲಿಂಗನೇ ಅಲ್ಲವೆ, ನಮ್ಮ ಉತ್ತರ ಕರ್ನಾಟಕದ ಗೆಳೆಯರಿಗೆ ಈ ಮಾತು ಬಹಳ ಹಿಡಿಸಿತು. ಆದರೂ "ಹೀಗೆ ಹೇಳುವುದುಂಟು" ಎಂದಷ್ಟೇ ಬರೆದೆವು.

ನಮ್ಮ ಹೋಟೆಲಿನ ಗೆಳೆಯರು ಇಷ್ಟು ದಿನ ಸುಮ್ಮನೆ ಕೇಳುತ್ತಿದ್ದರು. ಕರಡು ಮುಗಿಯಿತೆನ್ನುವಾಗ ಕುಂದಾಪುರದ ಕಡೆಯವರೊಬ್ಬರು, "ಎಲ್ಲ ಸರಿ ಮಾರಾಯ್ರೆ, ಆ ಭಾನುವಾರ ನಮಗೆ ಎಲ್ಲಿತ್ತು?" ಎಂದರು. ನಿಜ. ಗಿರಣಿಯವನಿಗೆ ಬಿಡುವು ಸಿಕ್ಕ ದಿನ ಅವನು ಮಕ್ಕಳನ್ನು ಕರೆದುಕೊಂಡು ಚಾ ಕುಡಿಯಲು ಹೊರಡುತ್ತಾನೆ. ಅಂದು ಹೋಟೆಲಿನ ಹುಡುಗನಿಗೆ ಉಸಿರಾಡಲು ಪುರಸತ್ತಿಲ್ಲ. ಹೋಟೆಲು, ಉಪಾಹಾರಗೃಹಗಳ ನೌಕರರಿಗೂ ವಾರಕ್ಕೊಂದು ದಿನ ರಜೆ ಎಂದು 1948ರ ಮುಂಬಯಿ ಅಂಗಡಿ ಹಾಗೂ ಸಂಸ್ಥೆಗಳ ಕಾಯಿದೆ ಹೇಳಿತು. ಗಿರಣಿಯ ಭಾನುವಾರಕ್ಕೂ ಇದಕ್ಕೂ ನಡುವೆ 58 ವರ್ಷ. ಕಾಯಿದೆ ಬಂದ ಮೇಲೂ, ಕೆಲಸ ಮಾಡಿದ ಕಡೆಯಲ್ಲೇ ಮಲಗಿ ಏಳುವ ಹುಡುಗನಿಗೆ ರಜೆಯ ದಿನ "ಸ್ವಲ್ಪ ಗಲ್ಲೆ ನೋಡಿಕೋ" ಎನ್ನುವವರು ಇದ್ದೇ ಇದ್ದರು. ನಮ್ಮಲ್ಲಿ ಹಲವರು ಆ ಹುಡುಗರೇ. ಇದು ಲೋಖಂಡೆಯವರ ತಪ್ಪಲ್ಲ. ಆದರೂ ಒಂದು ಸಾಲು ಇರಲೇಬೇಕೆಂದು ಅವರು ಹಟ ಹಿಡಿದರು. ನಾವು ಒಪ್ಪಿದೆವು.

ಇನ್ನು ಬರೆದದ್ದನ್ನು ಓದುತ್ತೇವೆ:

"ನಾರಾಯಣ ಮೇಘಾಜಿ ಲೋಖಂಡೆಯವರು 1897ರ ಫೆಬ್ರವರಿ 9ರಂದು ಮುಂಬಯಿಯಲ್ಲಿ ಪ್ಲೇಗಿನಿಂದ ತೀರಿಕೊಂಡರು. ಹಿಂದಿನ ಸೆಪ್ಟೆಂಬರದಲ್ಲಿ ಮಾಂಡವಿಯಲ್ಲಿ ರೋಗ ಕಂಡಾಗಿನಿಂದ ಊರು ಬಿಡಬಲ್ಲವರೆಲ್ಲ ಬಿಡುತ್ತಿದ್ದರು. ಅವರು ಉಳಿದು ರೋಗಿಗಳ ಆರೈಕೆಗೆ ನಿಂತರು. 1880ರಿಂದ 'ದೀನಬಂಧು' ನಡೆಸಿದರು. ವಿಧವೆಯರ ತಲೆ ಬೋಳಿಸುವುದಿಲ್ಲವೆಂದು 1890ರಲ್ಲಿ ಮುಂಬಯಿಯ ಕ್ಷೌರಿಕರಿಂದ ನಿಶ್ಚಯ ಮಾಡಿಸಿದರು. ಅವರ ಸಂಘಕ್ಕೆ ನಿಧಿಯಾಗಲಿ ಸದಸ್ಯರ ಪಟ್ಟಿಯಾಗಲಿ ಇರಲಿಲ್ಲವೆಂದು ಸರಕಾರ ಬರೆದಿದೆ. ಬಂದ ಕೂಲಿಕಾರನಿಗೆಲ್ಲ ಸಲಹೆ ಕೊಟ್ಟರೆಂದೂ ಅದೇ ಬರೆದಿದೆ. 1890ರ ಜೂನ್ 10ರಿಂದ ಗಿರಣಿ ಕೆಲಸಗಾರರಿಗೆ ದೊರೆತ ವಾರದ ಬಿಡುವು ಅವರ ಆರು ವರ್ಷದ ದುಡಿಮೆಯ ಫಲ. ಆ ಬಿಡುವು ಹೋಟೆಲು ಕೆಲಸಗಾರರಿಗೆ ಮುಟ್ಟಲು ಇನ್ನೂ ಬಹುಕಾಲ ಹಿಡಿಯಿತು."

ಇಷ್ಟೇ. ಅವರ ತರುವಾಯ ಒಂದು ತಿಂಗಳಿಗೆ, ಮಾರ್ಚ್ 10ರಂದು, ಸಾವಿತ್ರಿಬಾಯಿ ಫುಲೆಯವರೂ ಪುಣೆಯಲ್ಲಿ ಪ್ಲೇಗಿನವರ ಸೇವೆ ಮಾಡುತ್ತಲೇ ತೀರಿಕೊಂಡರು. ಅದನ್ನು ಸೇರಿಸಲು ಮನಸ್ಸಿತ್ತು, ಚೌಕಟ್ಟಿನಲ್ಲಿ ಸ್ಥಳ ಸಾಲಲಿಲ್ಲ. 2005ರಲ್ಲಿ ಸರಕಾರ ಲೋಖಂಡೆಯವರ ಅಂಚೆಚೀಟಿ ಹೊರಡಿಸಿತು. ಅದರ ದೊಡ್ಡ ಪ್ರತಿಯನ್ನೇ ಗೋಡೆಗೆ ಹಾಕಿದ್ದೇವೆ. 1982ರ ಮುಷ್ಕರದ ಮೇಲೆ ಗಿರಣಿ ಬಾಗಿಲು ಮುಚ್ಚಿ ಮನೆಯಲ್ಲಿ ಕುಳಿತ ನಮ್ಮ ಹಿರಿಯರೊಬ್ಬರು ಅಕ್ಷರ ಬರೆದುಕೊಟ್ಟಿದ್ದಾರೆ. ಪಕ್ಕದ ಚಾಳಿನ ಮರಾಠಿ ನೆರೆಯವರೂ ಓದಲೆಂದು ಮರಾಠಿ ಪ್ರತಿಯೂ ಕೆಳಗಿದೆ. ಹೋಗುವಾಗ ದಯವಿಟ್ಟು ನಿಂತು ಓದಿರಿ, ತಪ್ಪು ಕಂಡರೆ ಮೇಜಿನ ಮೇಲಿರುವ ಪುಸ್ತಕದಲ್ಲಿ ಬರೆದಿಡಿರಿ. ಮುಂದಿನ ಮಂಗಳವಾರ, ಹೋಟೆಲಿನವರಿಗೆ ಬಿಡುವಿರುವ ದಿನ, ಕೂಡಿ ತಿದ್ದುತ್ತೇವೆ.