ಶಿಂಷೆಯ ನೀರು, ಕಡಲಿನ ಆಮೆ



ಇವತ್ತು ನಾವು ಪ್ರಾಣಿಗಳ ವಿಷಯ ಮಾತಾಡೋಣ. ಮನೆಯ ಹಸು, ಪಂಜರದ ಗಿಳಿ, ತೋಟದ ಕಾಡುಪಾಪ, ಕಡಲಿನ ಆಮೆ. ಹಸುವಿನ ಮಾತು ಸರಿ, ಕಡಲಿಗೂ ನಮಗೂ ಏನು ಸಂಬಂಧ ಅಂತ ನೀವು ಕೇಳಬಹುದು. ತುಮಕೂರಿನಿಂದ ಕಡಲು ಕಾಣುವುದಿಲ್ಲ. ಧರ್ಮಸ್ಥಳಕ್ಕೆ ಹೋದವರು ಹಾಗೇ ಮುಂದೆ ಹೋಗಿ, ಅಲೆಯಲ್ಲಿ ಕಾಲು ನೆನೆಸಿಕೊಂಡು ಬಂದಿರುತ್ತೀರಿ. ಅಷ್ಟೇ. ಆದರೂ ಸಂಬಂಧ ಇದೆ.

ಈ ಮಾತು ಎತ್ತಿದವಳು ಒಬ್ಬ ಹುಡುಗಿ. ಗುಬ್ಬಿ ತಾಲ್ಲೂಕಿನ ಒಂದು ಕಲಿಕಾ ಕೇಂದ್ರಕ್ಕೆ ಅವಳು ತಾಯಿಯ ಜೊತೆ ಬರುತ್ತಾಳೆ. ಆರನೇ ತರಗತಿ ಓದುತ್ತಾಳೆ. ನಾಯಿ ಕಂಡರೂ ಪ್ರೀತಿ, ಬೆಕ್ಕು ಕಂಡರೂ ಪ್ರೀತಿ. ಕುಂಟುವ ಕರುವಿಗೆ ಅರಿಶಿನ ಹಚ್ಚುತ್ತಾಳೆ. ಒಂದು ದಿನ ಫೋನಿನಲ್ಲಿ ಒಂದು ಚಿತ್ರ ನೋಡಿದಳಂತೆ. ಕಡಲಾಮೆಯ ಬಾಯಲ್ಲಿ ಪ್ಲಾಸ್ಟಿಕ್ ಚೀಲ. ಆ ರಾತ್ರಿ ಊಟ ಮಾಡಲಿಲ್ಲ. "ಟೀಚರೇ, ಆ ಕವರು ನಮ್ಮದೇನಾದರೂ ಇರಬಹುದಾ?" ಅಂತ ಕೇಳಿದಳು. ತಾಯಿ, "ಸುಮ್ನಿರೇ, ಹುಚ್ಚಿ" ಅಂದರು. ಎಲ್ಲರೂ ನಕ್ಕರು.

ಆದರೆ ಪ್ರಶ್ನೆ ಹುಚ್ಚಿನದಲ್ಲ. ನೀರು ಎಲ್ಲಿಗೆ ಹೋಗುತ್ತದೆ ನೋಡೋಣ ಬನ್ನಿ.

ನಮ್ಮ ದೇವರಾಯನದುರ್ಗದ ಬೆಟ್ಟ ನಿಮಗೆಲ್ಲ ಗೊತ್ತು. ಅಲ್ಲಿ ಶಿಂಷಾ ನದಿ ಹುಟ್ಟುತ್ತದೆ. ಗುಬ್ಬಿ ತಾಲ್ಲೂಕಿನ ಕಡಬದ ಕೆರೆಗೆ ಬರುತ್ತದೆ. ಅಲ್ಲಿಂದ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಹೋಗುತ್ತದೆ. ಆಮೇಲೆ ಮಂಡ್ಯ ಜಿಲ್ಲೆ, ಮದ್ದೂರು. ಸುಮಾರು 220 ಕಿಲೋಮೀಟರ್ ಹರಿದು ಕಾವೇರಿ ಸೇರುತ್ತದೆ. ಕಾವೇರಿ ತಮಿಳುನಾಡು ದಾಟಿ ಪೂಂಪುಹಾರ್ ಎಂಬಲ್ಲಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಅದೇ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಪಿನಾಕಿನಿ ಸೇರುತ್ತದೆ. ಅದೂ ಕೊನೆಗೆ ಆಂಧ್ರದ ಕಡೆ ಅದೇ ಕಡಲಿಗೆ ಸೇರುತ್ತದೆ. ಒಂದೇ ಬೆಟ್ಟದ ನೀರು, ಎರಡು ದಾರಿ, ಒಂದೇ ಕಡಲು.

ಹಾಗಂತ ನಾವು ಬಿಸಾಕಿದ ಕವರೆಲ್ಲ ಕಡಲಿಗೆ ಹೋಗುತ್ತದೆ ಎಂದು ಹೇಳುವುದಿಲ್ಲ. ದಾರಿಯಲ್ಲಿ ಕೆರೆ ಇದೆ, ಅಣೆಕಟ್ಟು ಇದೆ. ಬಹಳಷ್ಟು ಚರಂಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಕೆರೆಯ ಹೂಳಿನಲ್ಲಿ ಹೂತುಹೋಗುತ್ತದೆ. ಆದರೆ ಪ್ಲಾಸ್ಟಿಕ್ ಕೊಳೆಯುವುದಿಲ್ಲ. ಬಿಸಿಲಿಗೆ ಪುಡಿಪುಡಿ ಆಗುತ್ತದೆ. ಕೆರೆ ಕೋಡಿ ಬಿದ್ದಾಗ ನೀರಿನ ಜೊತೆ ಮುಂದೆ ಹೋಗುತ್ತದೆ. 2022ರ ಮಳೆಗೆ ನಮ್ಮ ಜಿಲ್ಲೆಯ ಕೆರೆಗಳು ಹೇಗೆ ಕೋಡಿ ಹರಿದವು, ನೆನಪಿದೆಯಲ್ಲ? ಬಾಗಿನ ಕೊಟ್ಟೆವು, ಸಂತೋಷಪಟ್ಟೆವು. ಆ ನೀರಿನಲ್ಲಿ ಎಷ್ಟು ಕಸ ಹೋಯಿತೋ ಯಾರೂ ಎಣಿಸಲಿಲ್ಲ.

ಇನ್ನು ಆ ಆಮೆ. ಆಲಿವ್ ರಿಡ್ಲೆ ಎಂಬ ಜಾತಿಯ ಕಡಲಾಮೆ ನಮ್ಮ ದೇಶದ ಎರಡೂ ಕರಾವಳಿಗೆ ಬರುತ್ತದೆ. ತೂಕ ಸುಮಾರು 40 ಕಿಲೋ. ಇರುವುದೆಲ್ಲ ನೀರಿನಲ್ಲೇ. ಮೊಟ್ಟೆ ಇಡಲು ಮಾತ್ರ ತಾಯಿ ಆಮೆ ರಾತ್ರಿ ಹೊತ್ತು ದಡಕ್ಕೆ ಬರುತ್ತದೆ. ಹಿಂಗಾಲಿನಿಂದ ಮರಳು ತೋಡಿ ಗುಂಡಿ ಮಾಡುತ್ತದೆ. ಒಂದು ಸಲಕ್ಕೆ ಸುಮಾರು 100 ಮೊಟ್ಟೆ! ಮರಳು ಮುಚ್ಚಿ ಕಡಲಿಗೆ ಹಿಂತಿರುಗುತ್ತದೆ. ಕಾವು ಕೊಡುವ ಕೆಲಸ ಮರಳಿನದು. ಸುಮಾರು 50 ದಿನಕ್ಕೆ ಮರಿಗಳು ಹೊರಗೆ ಬರುತ್ತವೆ. ಇನ್ನೊಂದು ವಿಚಿತ್ರ ಕೇಳಿ. ಮರಳು ಹೆಚ್ಚು ಬಿಸಿ ಇದ್ದರೆ ಹೆಣ್ಣು ಮರಿ, ತಂಪಿದ್ದರೆ ಗಂಡು ಮರಿ. ಹೆಣ್ಣು ಹುಟ್ಟಿತು ಅಂತ ಅಲ್ಲಿ ಯಾರೂ ತಾಯಿಯನ್ನು ಬೈಯುವುದಿಲ್ಲ.

ಮರಿಗಳು ಬೆಳಕು ಕಂಡ ಕಡೆ ಓಡುತ್ತವೆ. ರಾತ್ರಿ ಹೊತ್ತು ಕಡಲಿನ ನೀರು ಹೊಳೆಯುತ್ತದೆ, ಅದೇ ಅವಕ್ಕೆ ದಾರಿ. ದಡದಲ್ಲಿ ಹೋಟೆಲಿನ ದೀಪ ಉರಿಯುತ್ತಿದ್ದರೆ ದಾರಿ ತಪ್ಪುತ್ತವೆ. ನಾಯಿ, ಕಾಗೆ, ಏಡಿ ಹಿಡಿಯುತ್ತವೆ. ನೀರು ಸೇರಿದ ಮೇಲೆ ದೊಡ್ಡ ಮೀನು ನುಂಗುತ್ತದೆ. ಸಾವಿರ ಮರಿಗಳಲ್ಲಿ ದೊಡ್ಡದಾಗುವುದು ಒಂದೋ ಎರಡೋ ಅಂತ ತಿಳಿದವರು ಹೇಳುತ್ತಾರೆ.

ಬೆಳೆದ ಆಮೆಗೂ ಸುಖ ಇಲ್ಲ. ಆಮೆ ಮೀನಲ್ಲ. ನಮ್ಮ ಹಾಗೇ ಗಾಳಿ ಉಸಿರಾಡಬೇಕು. ಆಗಾಗ ನೀರಿನ ಮೇಲೆ ಮೂಗು ಎತ್ತಬೇಕು. ದೊಡ್ಡ ದೋಣಿಗಳ ಎಳೆಬಲೆಗೆ ಸಿಕ್ಕಿದರೆ ಮೇಲೆ ಬರಲು ಆಗುವುದಿಲ್ಲ, ಉಸಿರು ಕಟ್ಟಿ ಸಾಯುತ್ತದೆ. 2025ರ ಜನವರಿಯಲ್ಲಿ ಚೆನ್ನೈ ದಡಕ್ಕೆ ನೂರಾರು ಆಮೆಗಳು ಸತ್ತು ಬಂದು ಬಿದ್ದವು. ನೀರಿನಲ್ಲಿ ತೇಲುವ ಚೀಲವೂ ಅವಕ್ಕೆ ಮೃತ್ಯು. ಬಿಳಿ ಚೀಲ ಅದರ ಕಣ್ಣಿಗೆ ಲೋಳೆ ಮೀನಿನ ಹಾಗೆ ಕಾಣುತ್ತದೆ. ಲೋಳೆ ಮೀನು ಅದರ ಊಟ. ನುಂಗುತ್ತದೆ. ಕರುಳು ಕಟ್ಟಿಕೊಳ್ಳುತ್ತದೆ.

ಕಾಯುವವರೂ ಇದ್ದಾರೆ. ಉತ್ತರ ಕನ್ನಡದ ಹೊನ್ನಾವರ, ಉಡುಪಿ ಜಿಲ್ಲೆಯ ಕುಂದಾಪುರದ ಕಡೆ ಮೀನುಗಾರರೇ ಮೊಟ್ಟೆಯ ಸುಳಿವು ಕೊಡುತ್ತಾರೆ. 2024ರಲ್ಲಿ ಮಂಗಳೂರಿನ ದಡದಲ್ಲೂ ಆಮೆಗಳು ಮೊಟ್ಟೆ ಇಟ್ಟವು. ಅರಣ್ಯ ಇಲಾಖೆಯವರು ಸುತ್ತ ಬೇಲಿ ಹಾಕಿ ಕಾದರು, ಮರಿಗಳನ್ನು ಕಡಲಿಗೆ ಬಿಟ್ಟರು.

ಕಡಲು ದೂರ, ನಮ್ಮಲ್ಲಿ ಯಾರು ಕಾಯುತ್ತಾರೆ ಅಂತೀರಾ? ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿ ನಾಗವಲ್ಲಿ ಇದೆ. ಅಲ್ಲಿನ ತೋಟ, ಬೇಲಿ, ಮರಗಳಲ್ಲಿ ಕಾಡುಪಾಪ ಇದೆ. ಕೈಯಗಲದ ಪ್ರಾಣಿ, ಬಾಲವಿಲ್ಲ, ದೊಡ್ಡ ಕಣ್ಣು. ರಾತ್ರಿ ಎದ್ದು ಹುಳ ತಿನ್ನುತ್ತದೆ. ರೈತನಿಗೆ ಉಪಕಾರಿ. ಆದರೆ ಅದು ಅಪಶಕುನ ಅಂತ ಹೊಡೆದವರುಂಟು. ಮಾಟಕ್ಕೆ ಬೇಕು ಅಂತ ಹಿಡಿದವರುಂಟು. ಅಲ್ಲಿನ ಪ್ರೌಢಶಾಲೆಯ ಶಿಕ್ಷಕರಾಗಿದ್ದ ಬಿ.ವಿ. ಗುಂಡಪ್ಪ ಅವರು ಮಕ್ಕಳನ್ನು ಕಟ್ಟಿಕೊಂಡು ಕಾಡುಪಾಪ ಎಲ್ಲೆಲ್ಲಿದೆ ಅಂತ ಗುರುತು ಮಾಡಿದರು, ಊರಿನವರಿಗೆ ತಿಳಿಸಿ ಹೇಳಿದರು. ತಮಿಳುನಾಡಿನಲ್ಲಿ 2022ರಲ್ಲಿ ಕಡವೂರಿನಲ್ಲಿ ಕಾಡುಪಾಪಕ್ಕೆಂದೇ ಅಭಯಾರಣ್ಯ ಮಾಡಿದರು. ನಾಗವಲ್ಲಿಯಲ್ಲಿ ಅದನ್ನು ಮೊದಲು ಕಾದವರು ಶಾಲೆಯ ಮಕ್ಕಳು. ಅದು ನಮಗೆ ಹೆಮ್ಮೆ.

ಗಿಳಿಯ ಮಾತು ಸ್ವಲ್ಪ ಕಷ್ಟದ್ದು. ಯಾಕೆಂದರೆ ಆ ಹುಡುಗಿಯ ಮನೆಯಲ್ಲೇ ಒಂದು ಗಿಳಿ ಇತ್ತು. ಜಾತ್ರೆಯಲ್ಲಿ ದುಡ್ಡು ಕೊಟ್ಟು ತಂದದ್ದು. ಕಾಡಿನ ಗಿಳಿ, ನಕ್ಷತ್ರ ಆಮೆ ಇವನ್ನು ಮನೆಯಲ್ಲಿ ಸಾಕುವುದು, ಮಾರುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ನಕ್ಷತ್ರ ಆಮೆ ಇದ್ದರೆ ಲಕ್ಷ್ಮಿ ಬರುತ್ತಾಳೆ ಅಂತ ಹೇಳುತ್ತಾರೆ. ಬರುವುದು ಕೇಸು. ಹುಡುಗಿ ಪಂಜರ ತೆಗೆಯೋಣ ಅಂದಳು. ತಾಯಿ ಒಪ್ಪಲಿಲ್ಲ. ನಾವು ಹೇಳಿದ್ದು ಇಷ್ಟು: ರೆಕ್ಕೆ ಕತ್ತರಿಸಿದ ಗಿಳಿಯನ್ನು ಸುಮ್ಮನೆ ಹೊರಗೆ ಬಿಟ್ಟರೆ ಬೆಕ್ಕಿನ ಬಾಯಿಗೆ ಹೋಗುತ್ತದೆ. ಅರಣ್ಯ ಇಲಾಖೆಯ ಕಚೇರಿಗೆ ಕೊಡಿ. ಎರಡು ವಾರ ಮನೆಯಲ್ಲಿ ಜಗಳ ನಡೆಯಿತು. ಆಮೇಲೆ ತಾಯಿಯೇ ಪಂಜರ ಹಿಡಿದುಕೊಂಡು ಬಸ್ಸು ಹತ್ತಿದರು. ಬಸ್ಸಿನ ಬೋರ್ಡನ್ನು ಯಾರನ್ನೂ ಕೇಳದೆ ಅವರೇ ಓದಿದರು. ಹುಡುಗಿ ಹಿಂದಿನ ಸೀಟಿನಲ್ಲಿ ಕೂತು ಅತ್ತಳು. ಅವಳಿಗೂ ಗಿಳಿಯ ಮೇಲೆ ಆಸೆ ಇತ್ತಲ್ಲ.

ಈಗ ಹಸುವಿನ ವಿಷಯ. ಆಮೆ ನುಂಗುವ ಕವರನ್ನೇ ನಮ್ಮ ಹಸುವೂ ನುಂಗುತ್ತದೆ. ನಾವು ಉಳಿದ ಅನ್ನ, ತರಕಾರಿ ಸಿಪ್ಪೆಯನ್ನು ಕವರಿಗೆ ತುಂಬಿ, ಗಂಟು ಹಾಕಿ ಬಿಸಾಕುತ್ತೇವೆ. ಹಸುವಿಗೆ ಕೈ ಇಲ್ಲ, ಗಂಟು ಬಿಚ್ಚುವುದು ಹೇಗೆ? ಕವರಿನ ಸಮೇತ ತಿನ್ನುತ್ತದೆ. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಭಾಗ. ಮೊದಲ ದೊಡ್ಡ ಚೀಲದಲ್ಲಿ ಪ್ಲಾಸ್ಟಿಕ್ ಉಳಿದುಬಿಡುತ್ತದೆ. ಕರಗುವುದಿಲ್ಲ, ಸಗಣಿಯಲ್ಲಿ ಬರುವುದಿಲ್ಲ. ಒಂದಕ್ಕೊಂದು ಸುತ್ತಿಕೊಂಡು ಹಗ್ಗದ ಉಂಡೆಯಂತೆ ಬೆಳೆಯುತ್ತದೆ. ಮೇವಿಗೆ ಜಾಗವೇ ಇರುವುದಿಲ್ಲ. ಹೊಟ್ಟೆ ಉಬ್ಬುತ್ತದೆ, ಮೆಲುಕು ನಿಲ್ಲುತ್ತದೆ, ಡೇರಿ ಪುಸ್ತಕದಲ್ಲಿ ಹಾಲಿನ ಲೆಕ್ಕ ಇಳಿಯುತ್ತದೆ. ದೃಷ್ಟಿಯಾಯಿತು ಅಂತ ಮೆಣಸಿನಕಾಯಿ ನಿವಾಳಿಸುತ್ತೇವೆ. ಡಾಕ್ಟರು ಹೊಟ್ಟೆ ಕೊಯ್ದು ತೆಗೆದರೆ ಕಿಲೋಗಟ್ಟಲೆ ಪ್ಲಾಸ್ಟಿಕ್ ಸಿಗುವುದುಂಟು. ತಡವಾದರೆ ಹಸುವೂ ಇಲ್ಲ, ಸಾಲ ಮಾತ್ರ ಉಳಿಯುತ್ತದೆ.

ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧ ಆಯಿತು. 2022ರ ಜುಲೈ 1ರಿಂದ ದೇಶದಲ್ಲೆಲ್ಲ ಒಂದೇ ಸಲ ಬಳಸಿ ಬಿಸಾಕುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಕ್ಕೂ ನಿಷೇಧ ಬಂತು. ಅಂಗಡಿಯಲ್ಲಿ ಇನ್ನೂ ಸಿಗುತ್ತದೆ, ನಿಮಗೇ ಗೊತ್ತು. ಸಂತೆಗೆ ಹೋಗುವಾಗ ಬಟ್ಟೆ ಚೀಲ ಒಯ್ಯುವುದು ಮೊದಲು ನಮ್ಮ ಅಜ್ಜಿಯಂದಿರ ರೂಢಿಯೇ ಆಗಿತ್ತು. ಹಳೇ ಸೀರೆಯಲ್ಲಿ ಹೊಲಿದರೆ ದುಡ್ಡೂ ಬೇಡ. ಸಿಪ್ಪೆಯನ್ನು ಕವರಿಗೆ ಕಟ್ಟಬೇಡಿ, ಬಕೆಟ್ಟಿನಲ್ಲಿಟ್ಟು ಹಸುವಿಗೆ ನೇರ ಹಾಕಿ, ಇಲ್ಲವೇ ತಿಪ್ಪೆಗೆ ಸುರಿಯಿರಿ. ಹಾಲಿನ ಪ್ಯಾಕೆಟ್ಟು ಕತ್ತರಿಸುವಾಗ ಮೂಲೆಯ ಚೂರು ಬೇರೆಯಾಗದಂತೆ ನೋಡಿಕೊಳ್ಳಿ. ಆ ಚೂರೇ ಮೊದಲು ಚರಂಡಿಗೆ ಹೋಗುವುದು.

ಹಸು ಮೆಲುಕು ಹಾಕುವುದು ಒಂದು ದಿನ ನಿಂತರೂ ಪಶುವೈದ್ಯರಿಗೆ ತಿಳಿಸಿ. ಪಶು ಆಂಬುಲೆನ್ಸಿಗೆ ಫೋನು ಮಾಡುವ ಸಂಖ್ಯೆ 1962. ಇವತ್ತು ಮನೆಗೆ ಹೋದ ಮೇಲೆ ಒಂದು ಸೀಮೆಸುಣ್ಣ ತೆಗೆದುಕೊಳ್ಳಿ. ಕೊಟ್ಟಿಗೆಯ ಗೋಡೆಯ ಮೇಲೆ, ಕಣ್ಣಿಗೆ ಕಾಣುವ ಹಾಗೆ, ಆ ನಾಲ್ಕು ಅಂಕಿಗಳನ್ನು ನಿಮ್ಮ ಕೈಯಿಂದಲೇ ಬರೆಯಿರಿ.