ಬಂದವರಿಗೆ ನಾಲ್ಕು ಮಾತು ಕಲಿಸೋಣ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಕ್ಷೇತ್ರದ ಅವಕಾಶಗಳ ಬಗ್ಗೆ ಮಾತಾಡಿ ಎಂದು ಸಂಘಟಕರು ಹೇಳಿದ್ದರು. ಅದನ್ನು ಈಗಿನ ಮಕ್ಕಳು ಮೊಬೈಲಿನಲ್ಲೇ ನನಗಿಂತ ಚೆನ್ನಾಗಿ ತಿಳಿದುಕೊಳ್ಳುತ್ತಾರೆ. ಹಾಗಾಗಿ ಸಂಘಟಕರ ಒಪ್ಪಿಗೆ ಪಡೆದು ವಿಷಯ ಬದಲಿಸಿದ್ದೇನೆ. ಕೆಲಸಕ್ಕಾಗಿ ಊರು ಬಿಟ್ಟು ಬಂದವರಿಗೆ ಭಾಷೆ ಕಲಿಸುವ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಕೊನೆಯಲ್ಲಿ ನಿಮ್ಮಲ್ಲಿ ಒಂದು ಕೋರಿಕೆ ಇದೆ.

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ನಮಗೆ ಊರು ಬಿಡುವುದು ಹೊಸದಲ್ಲ. ಭಟ್ಕಳದ ನವಾಯತರ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ದುಬೈಯಲ್ಲೋ ಸೌದಿಯಲ್ಲೋ ಇರುತ್ತಾರೆ. ಕುಮಟಾ ತಾಲ್ಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ನೌಕರಿ ಮಾಡುತ್ತಲೇ ದೊಡ್ಡ ಕಥೆಗಾರರಾದರು. ಗೋಕರ್ಣದ ಜಯಂತ ಕಾಯ್ಕಿಣಿಯವರೂ ಅದೇ ದಾರಿಯಲ್ಲಿ ಹೋದವರು. ಕರಾವಳಿಯ ಸಾವಿರಾರು ಹುಡುಗರು ಮುಂಬಯಿಯ ಹೋಟೆಲುಗಳಲ್ಲಿ ಮೇಜು ಒರೆಸಿ ಮನೆಗೆ ಮನಿಯಾರ್ಡರ್ ಕಳಿಸಿದ್ದಾರೆ. ಇಲ್ಲಿ ಕುಳಿತ ಹಿರಿಯರಲ್ಲಿ ಕೆಲವರಿಗೆ ಆ ಮನಿಯಾರ್ಡರ್ ನೆನಪಿರಬಹುದು.

ಆ ಹೋಟೆಲ್ ಹುಡುಗರ ಕಥೆಯಲ್ಲಿ ನಾವು ಅಷ್ಟಾಗಿ ಹೇಳದ ಒಂದು ಭಾಗವಿದೆ. ಅದು ರಾತ್ರಿ ಶಾಲೆ. 1902ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ಅಂಥ ಶಾಲೆ ನಡೆಸಿತು. ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಪ್ರೌಢಶಾಲೆ ನಡೆಸಿತು. ಹಗಲು ತಟ್ಟೆ ತೊಳೆದ ಹುಡುಗ ಸಂಜೆ ಪುಸ್ತಕ ಹಿಡಿದು ಬೆಂಚಿನ ಮೇಲೆ ಕೂರುತ್ತಿದ್ದ. ಕನ್ನಡದ ಜೊತೆ ಇಂಗ್ಲಿಷ್ ಕಲಿತು, ಮೆಟ್ರಿಕ್ ಪಾಸಾಗಿ, ಗುಮಾಸ್ತನಾಗಿ, ಬ್ಯಾಂಕಿನ ನೌಕರನಾಗಿ, ವಕೀಲನಾಗಿ ಹೊರಬಂದವರಿದ್ದಾರೆ. ಪರಊರಿನಲ್ಲಿ ಅವರಿಗೆ ಯಾರೋ ಒಂದು ಕೋಣೆ ಕೊಟ್ಟರು, ಒಂದು ದೀಪ ಹಚ್ಚಿದರು, ದಿನದ ಒಂದು ಗಂಟೆ ಕೊಟ್ಟರು. ಅದಿಲ್ಲದಿದ್ದರೆ ಅವರಲ್ಲಿ ಅನೇಕರು ಕೊನೆಯವರೆಗೂ ತಟ್ಟೆಯ ಹತ್ತಿರವೇ ಉಳಿಯುತ್ತಿದ್ದರು.

ನಮ್ಮ ಜಿಲ್ಲೆಯ ದಿನಕರ ದೇಸಾಯಿಯವರನ್ನು ಚುಟುಕು ಬ್ರಹ್ಮ ಎಂದು ಎಲ್ಲರೂ ಬಲ್ಲರು. ಅವರು ಮುಂಬಯಿಯಲ್ಲಿ ಹಡಗು ಕಾರ್ಮಿಕರ ಸಂಘಟನೆಯಲ್ಲಿ ದುಡಿದವರು. ರೈತ ಚಳವಳಿಯ ಕಾರಣಕ್ಕೆ ಹುಟ್ಟಿದ ಜಿಲ್ಲೆಯಿಂದಲೇ ಗಡೀಪಾರಾದವರು. ಸ್ವಂತ ಊರಿಗೆ ಕಾಲಿಡಬಾರದು ಎಂದರೆ ಏನೆಂದು ಅವರಿಗೆ ಗೊತ್ತಿತ್ತು. ಅಂಥವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆದರು.

ಇನ್ನು ನಿರಾಶ್ರಿತರ ಮಾತು. ಅದಕ್ಕೆ ಯುರೋಪಿನವರೆಗೆ ಹೋಗಬೇಕಿಲ್ಲ. ಘಟ್ಟ ಹತ್ತಿ ಶಿರಸಿ ದಾಟಿದರೆ ಮುಂಡಗೋಡ. 1959ರಲ್ಲಿ ದಲಾಯಿ ಲಾಮಾ ಅವರ ಜೊತೆ ಮತ್ತು ಅವರ ಹಿಂದೆ ಸಾವಿರಾರು ಟಿಬೆಟನ್ನರು ಹಿಮಾಲಯ ದಾಟಿ ಬಂದರು. ಮೊದಲು ಬೈಲಕುಪ್ಪೆಯಲ್ಲಿ ನೆಲೆ ಸಿಕ್ಕಿತು. 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಮುಂಡಗೋಡದಲ್ಲಿ ಡೋಗುಲಿಂಗ್ ವಸತಿ ಶುರುವಾಯಿತು. ಹಿಮದ ನಾಡಿನವರು ನಮ್ಮ ಮಳೆಗೆ, ಸೊಳ್ಳೆಗೆ ಹೊಂದಿಕೊಂಡರು, ಕಾಡು ಕಡಿದು ಹೊಲ ಮಾಡಿದರು, ಗಾಂದೆನ್ ಮತ್ತು ದ್ರೆಪುಂಗ್ ಮಠಗಳನ್ನು ಮತ್ತೆ ಕಟ್ಟಿದರು. ಇಂದು ಅಲ್ಲಿನ ಅಂಗಡಿಗಳಲ್ಲಿ ಟಿಬೆಟನ್ ಹೆಂಗಸರು ಕನ್ನಡದಲ್ಲಿ ಚೌಕಾಸಿ ಮಾಡುವುದನ್ನು ನೀವು ಕೇಳಬಹುದು. ಸಂತೆಗೆ ಕನ್ನಡ, ಮನೆಗೆ ಟಿಬೆಟನ್, ಹೊರಗಿನ ಪ್ರಪಂಚಕ್ಕೆ ಇಂಗ್ಲಿಷ್ ಎಂದು ಅವರು ಭಾಷೆಗಳನ್ನು ಹಂಚಿಕೊಂಡಿದ್ದಾರೆ. ಒಂದನ್ನು ಕಲಿಯಲು ಇನ್ನೊಂದನ್ನು ಬಿಡಲಿಲ್ಲ.

ಇದೇ ಟಿಬೆಟನ್ನರಿಗಾಗಿ ಹಿಮಾಚಲದ ಧರ್ಮಶಾಲೆಯಲ್ಲಿ ಲ್ಹಾ ಎಂಬ ಸಣ್ಣ ಸಂಸ್ಥೆ 1997ರಿಂದ ಕೆಲಸ ಮಾಡುತ್ತಿದೆ. ಅಲ್ಲಿ ಇಂಗ್ಲಿಷ್ ಕಲಿಸುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು, ಎಷ್ಟೋ ಜನ ಊರು ನೋಡಲು ಬಂದವರು. ಒಬ್ಬ ಸ್ವಯಂಸೇವಕ, ಸುತ್ತ ನಾಲ್ಕೈದು ಕಲಿಯುವವರು, ಒಂದು ಗಂಟೆ ಮಾತುಕತೆ, ಇಷ್ಟೇ. ವ್ಯಾಕರಣದಿಂದ ಹೊರಡುವುದಿಲ್ಲ, ಮಾತಿನಿಂದ ಹೊರಡುತ್ತಾರೆ. ಹೊಸದಾಗಿ ಗಡಿ ದಾಟಿ ಬಂದ ಯುವಕನಿಗೆ ಇಂಗ್ಲಿಷ್ ಎಂದರೆ ನೌಕರಿ, ಜೊತೆಗೆ ತನ್ನ ಕಥೆಯನ್ನು ತಾನೇ ಹೇಳುವ ಶಕ್ತಿ. ನಮ್ಮ ಕಥೆಯನ್ನು ಇನ್ನೊಬ್ಬರು ಹೇಳುವುದಕ್ಕೂ ನಾವೇ ಹೇಳುವುದಕ್ಕೂ ಅಂತರವಿದೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ಈ ಶಾಲೆಯಿಂದ ಹೊರಟು, ಪಿಯುಸಿ ಮುಗಿಸಿ, ಬಿಇಗೆ ಸೇರಿದಾಗ ಲೆಕ್ಕ ಗೊತ್ತಿತ್ತು, ಲೆಕ್ಕ ಹೇಳುವವರ ಮಾತು ಗೊತ್ತಾಗುತ್ತಿರಲಿಲ್ಲ. ಬೋರ್ಡಿನ ಮೇಲೆ ಬರೆದದ್ದು ತಿಳಿಯುತ್ತಿತ್ತು, ಬಾಯಲ್ಲಿ ಹೇಳಿದ್ದು ತಪ್ಪಿಹೋಗುತ್ತಿತ್ತು. ಹಾಸ್ಟೆಲಿನಲ್ಲಿ ನಮ್ಮಂಥವರು ಹತ್ತು ಮಂದಿ ಇದ್ದೆವು. ಬೀದರ್ ಕಡೆಯ ಸೀನಿಯರ್ ಒಬ್ಬರು ರಾತ್ರಿ ಊಟವಾದ ಮೇಲೆ ಮೆಸ್ಸಿನ ಮೇಜು ಒರೆಸಿಸಿ ನಮ್ಮನ್ನು ಕೂರಿಸಿಕೊಳ್ಳುತ್ತಿದ್ದರು. ಆ ದಿನದ ಪಾಠವನ್ನು ನಾವು ಇಂಗ್ಲಿಷಿನಲ್ಲಿ ಹೇಳಬೇಕು, ಅವರು ಕೇಳಬೇಕು. ಬಾರದ ಕಡೆ ಕನ್ನಡ ಹಾಕಬಹುದು, ನಿಲ್ಲಿಸುವಂತಿಲ್ಲ. ಒಂದು ಸೆಮಿಸ್ಟರ್ ಹೀಗೆ ನಡೆಯಿತು. ಶುಲ್ಕ ಇಲ್ಲ, ಪ್ರಮಾಣಪತ್ರ ಇಲ್ಲ. ಹತ್ತು ಜನರೂ ಪಾಸಾದೆವು. ಈಗ ಮಾಡುತ್ತಿರುವ ಕೆಲಸಕ್ಕೆ ನನ್ನ ಪದವಿಯಷ್ಟೇ ಆ ಮೇಜೂ ಕಾರಣ.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಗೆಳೆಯರ ಒಂದು ಗುಂಪಿನ ಜೊತೆ ಭಾನುವಾರ ಬೆಳಿಗ್ಗೆ ಕಾವಲುಗಾರರಿಗೆ, ಕಟ್ಟಡ ಕಾರ್ಮಿಕರಿಗೆ ಕನ್ನಡ ಮತ್ತು ಇಂಗ್ಲಿಷ್ ಹೇಳಿಕೊಡಲು ಹೋಗುತ್ತಿದ್ದೇನೆ. ಒಡಿಶಾ, ಅಸ್ಸಾಂ, ಬಿಹಾರದವರು ಬರುತ್ತಾರೆ, ರಾಯಚೂರು, ಕೊಪ್ಪಳದವರೂ ಬರುತ್ತಾರೆ. ಅಲ್ಲಿ ತಿಳಿದ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು, ಏನು ಕಲಿಯಬೇಕೆಂದು ಕಲಿಯುವವರನ್ನೇ ಕೇಳಬೇಕು. ಅವರಿಗೆ ಪಠ್ಯಪುಸ್ತಕದ ಸೇಬು, ಚೆಂಡು ಬೇಡ. ಮಾತ್ರೆಯ ಪೊಟ್ಟಣದ ಮೇಲೆ ಏನಿದೆ? ಬ್ಯಾಂಕಿನಿಂದ ಬಂದ ಸಂದೇಶ ಏನು ಹೇಳುತ್ತದೆ? ಓಟಿಪಿ ಯಾರಿಗೆ ಹೇಳಬಾರದು? ಒಬ್ಬ ಕಾವಲುಗಾರ ಸಂಬಳದ ಚೀಟಿ ತಂದು ಅದನ್ನು ಓದಲು ಕಲಿಸಿ ಎಂದ. ಮೂರು ವಾರ ಅದೊಂದೇ ಚೀಟಿ ನಮ್ಮ ಪಾಠವಾಯಿತು. ಪಿಎಫ್ ಎಂದರೇನು, ಕಡಿತ ಎಂದರೇನು ಎಂದು ತಿಳಿದ ಮೇಲೆ, ಸಮವಸ್ತ್ರದ ಹಣವನ್ನು ಎರಡು ಸಲ ಹಿಡಿದಿರುವುದು ಅವನ ಕಣ್ಣಿಗೇ ಬಿತ್ತು. ಅವನೇ ಹೋಗಿ ಕೇಳಿದ, ಹಣ ವಾಪಸು ಬಂತು. ಅವನ ಪರವಾಗಿ ನಾವು ಒಂದು ಮಾತೂ ಆಡಬೇಕಾಗಲಿಲ್ಲ.

ಎರಡನೆಯದು, ದೊಡ್ಡವರನ್ನು ದೊಡ್ಡವರಂತೆಯೇ ನೋಡಬೇಕು. ನಮ್ಮ ಭಾಷೆ ಬಾರದವನಿಗೆ ಬುದ್ಧಿ ಇಲ್ಲ ಎಂದಲ್ಲ. ಅವನು ಮೂರು ಭಾಷೆ ಬಲ್ಲವನಿರಬಹುದು, ನಾಲ್ಕನೆಯದರಲ್ಲಿ ತೊದಲುತ್ತಿರುತ್ತಾನೆ. ಪ್ರತಿ ತಪ್ಪನ್ನೂ ತಿದ್ದಿದರೆ ಬಾಯಿ ಮುಚ್ಚಿಹೋಗುತ್ತದೆ. ಅಕ್ಷರ ಬಾರದವರಿಗೆ ವಾಕ್ಯಗಳನ್ನು ಅವರ ಫೋನಿನಲ್ಲೇ ಧ್ವನಿಯಾಗಿ ಕೊಟ್ಟರೆ ಕೆಲಸದ ನಡುವೆ ಕೇಳಿಕೊಳ್ಳುತ್ತಾರೆ.

ಮೂರನೆಯದು, ಸ್ವಯಂಸೇವೆಯ ದೊಡ್ಡ ಶತ್ರು ಆರಂಭದ ಉತ್ಸಾಹ. ಮೊದಲ ವಾರ ಇಪ್ಪತ್ತು ಜನ ಬರುತ್ತಾರೆ, ಫೋಟೋ ತೆಗೆಯುತ್ತಾರೆ. ಐದನೇ ವಾರ ಮೂವರು ಉಳಿಯುತ್ತಾರೆ. ಧರ್ಮಶಾಲೆಯಂಥ ಕಡೆಯೂ ಇದೇ ಕಷ್ಟ, ಕಲಿಸುವವರು ಬರುತ್ತಾರೆ, ಹೋಗುತ್ತಾರೆ. ಅದಕ್ಕೆ ಸುಲಭವಾದ ಉಪಾಯವೆಂದರೆ ಒಂದು ನೋಟುಪುಸ್ತಕ. ಇಂದು ಯಾರು ಬಂದಿದ್ದರು, ಏನು ಕಲಿತರು, ಮುಂದೆ ಏನು ಬೇಕಂತೆ ಎಂದು ಕಲಿಸಿದವರು ನಾಲ್ಕು ಸಾಲು ಬರೆದಿಡಬೇಕು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಒಬ್ಬ ಬರೆದ ಪ್ರೋಗ್ರಾಮನ್ನು ಇನ್ನೊಬ್ಬ ಮುಂದುವರಿಸುವುದು ಹೀಗೆಯೇ. ಕಲಿಸುವವರು ಬದಲಾಗಬಹುದು, ಪಾಠ ಹರಿಯಬಾರದು.

ಈಗ ನಮ್ಮೂರಿಗೆ ಬರೋಣ. ಕಾಸರಕೋಡಿನ ಬಂದರಿಗೆ ಹೋಗಿ, ತದಡಿಗೆ ಹೋಗಿ, ಭಟ್ಕಳದ ಬಂದರಿಗೆ ಹೋಗಿ. ದೋಣಿಯ ಮೇಲೆ ಒಡಿಶಾ, ಜಾರ್ಖಂಡ್ ಕಡೆಯ ಹುಡುಗರು ಬಲೆ ಎಳೆಯುತ್ತಿರುತ್ತಾರೆ. ಹೆದ್ದಾರಿ 66ರ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಉತ್ತರ ಕರ್ನಾಟಕದ ಕುಟುಂಬಗಳಿವೆ. ನಮ್ಮ ಮನೆಗಳ ಚಿರೇಕಲ್ಲು ಹೊತ್ತವರು ಅವರೇ. ನಮ್ಮ ಮಕ್ಕಳು ಬೆಂಗಳೂರಿಗೋ ದುಬೈಗೋ ಹೋದ ಮೇಲೆ ಖಾಲಿಯಾದ ಕೆಲಸಗಳಿಗೆ ಅವರು ಬಂದಿದ್ದಾರೆ. ಸಮುದ್ರದಲ್ಲಿ ಗಾಳಿ ಎದ್ದಾಗ ತಾಂಡೇಲ ಕೂಗಿದ್ದು ಅರ್ಥವಾಗಬೇಕು. ಜ್ವರ ಬಂದಾಗ ಎಷ್ಟು ದಿನದಿಂದ ಎಂದು ಡಾಕ್ಟರಿಗೆ ಹೇಳಲು ಬರಬೇಕು. ಇದು ಜೀವದ ಪ್ರಶ್ನೆ.

ಅವರ ಮಕ್ಕಳೂ ಇದ್ದಾರೆ. ಕಳೆದ ವರ್ಷ ಎಂಟನೇ ತರಗತಿಗೆ ಸೇರಿದ ಒಬ್ಬ ಹುಡುಗಿ ದೀಪಾವಳಿ ರಜೆಯ ನಂತರ ಬರಲೇ ಇಲ್ಲ ಎಂದು ನಮ್ಮ ಶಿಕ್ಷಕಿಯೊಬ್ಬರು ನಿನ್ನೆ ಹೇಳಿದರು. ಲೆಕ್ಕದಲ್ಲಿ ಚುರುಕಂತೆ, ಕನ್ನಡ ಹಿಡಿಯಲಿಲ್ಲವಂತೆ. ಈಗ ಶೆಡ್ಡಿನಲ್ಲಿ ತಮ್ಮನನ್ನು ನೋಡಿಕೊಂಡು ಅಡುಗೆ ಮಾಡುತ್ತಾಳಂತೆ. ಪ್ರಯತ್ನಪಟ್ಟರೂ ಒಬ್ಬ ಶಿಕ್ಷಕಿ ನಲವತ್ತು ಮಕ್ಕಳ ನಡುವೆ ಎಷ್ಟು ಮಾಡಿಯಾರು? ಕಾನೂನು ಆ ಮಕ್ಕಳ ಪರ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು ಎನ್ನುತ್ತದೆ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದೂ ಹೇಳುತ್ತದೆ. ಆದರೆ ಕಾನೂನು ಮಗುವನ್ನು ಬೆಂಚಿನವರೆಗೆ ತರಬಲ್ಲದು. ಬೆಂಚಿನ ಮೇಲೆ ಕುಳಿತ ಮಗುವಿನ ಜೊತೆ ಮಾತಾಡಬೇಕಾದವರು ನಾವು.

ಕೆಲವರು ಕೇಳಬಹುದು, ನಮ್ಮ ಮಕ್ಕಳಿಗೇ ಇಂಗ್ಲಿಷ್ ಬರುವುದಿಲ್ಲ, ಹೊರಗಿನವರಿಗೆ ಯಾಕೆ ಮಾರಾಯ್ರೆ? ನ್ಯಾಯವಾದ ಪ್ರಶ್ನೆ. ಅದಕ್ಕೇ ನಾನು ಎರಡನ್ನೂ ಒಂದೇ ಕೋಣೆಯಲ್ಲಿ ಮಾಡೋಣ ಎನ್ನುತ್ತೇನೆ. ನಮ್ಮ ಮಕ್ಕಳು ಅವರಿಗೆ ಕನ್ನಡ ಹೇಳಿಕೊಡಲಿ, ಹಳೆ ವಿದ್ಯಾರ್ಥಿಗಳು ಇಬ್ಬರಿಗೂ ಇಂಗ್ಲಿಷ್ ಹೇಳಿಕೊಡಲಿ. ಕಲಿಸುವವನು ಎರಡು ಸಲ ಕಲಿಯುತ್ತಾನೆ. ಬಂದವರು ಕನ್ನಡ ಕಲಿಯಬೇಕು ಎಂದು ನಾವೆಲ್ಲ ಹೇಳುತ್ತೇವೆ, ಸರಿ. ಆದರೆ ಕಲಿಯಬೇಕು ಎನ್ನುವವರಲ್ಲಿ ಯಾರಾದರೂ ಕಲಿಸಲೂಬೇಕಲ್ಲ? ನಮ್ಮ ಕರಾವಳಿಗೆ ಇದು ಕಷ್ಟವಲ್ಲ. ಕೊಂಕಣಿ, ನವಾಯತಿ, ಹವಿಗನ್ನಡ, ಹಾಲಕ್ಕಿ ಕನ್ನಡ, ಉರ್ದು ಎಲ್ಲ ಒಂದೇ ಮೀನುಪೇಟೆಯಲ್ಲಿ ಕೇಳಿ ಬೆಳೆದವರು ನಾವು.

ನನ್ನ ಕೋರಿಕೆ ಹೀಗಿದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಒಂದು ಕೋಣೆಯನ್ನು ಎರಡು ಗಂಟೆ ಬಿಟ್ಟುಕೊಡಲು ಮುಖ್ಯೋಪಾಧ್ಯಾಯರು ಮತ್ತು ಸಮಿತಿಯವರು ಒಪ್ಪಬೇಕು. ಮೊದಲ ಗಂಟೆ ಮಕ್ಕಳಿಗೆ, ಎರಡನೆಯದು ದೊಡ್ಡವರಿಗೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ದೋಣಿಯವರು ಊರಿಗೆ ಹೋಗುತ್ತಾರೆ. ಆದ್ದರಿಂದ ನಮ್ಮ ತರಗತಿ ಆಗಸ್ಟಿನಿಂದ ಮೇ ತಿಂಗಳವರೆಗೆ ನಡೆಯಲಿ. ಊರಿನಲ್ಲಿರುವ ಹಳೆ ವಿದ್ಯಾರ್ಥಿಗಳಲ್ಲಿ ಆರು ಜನ ಸಾಕು, ತಿಂಗಳಿಗೆ ಎರಡು ಶನಿವಾರ ಕೊಟ್ಟರೆ ಸಾಕು. ಹೊರಗಿರುವ ನಮ್ಮಂಥವರು ಫೋನಿನ ಪರದೆಯ ಮೇಲೆ ಇಂಗ್ಲಿಷ್ ಮಾತುಕತೆಗೆ ಕೂರುತ್ತೇವೆ. ಪ್ರತಿ ತಿಂಗಳ ಮೊದಲ ಶನಿವಾರ ನನ್ನದು, ಇದನ್ನು ನಿಮ್ಮೆಲ್ಲರ ಎದುರು ಹೇಳುತ್ತಿದ್ದೇನೆ. ನಿವೃತ್ತ ಗುರುಗಳು ಮನಸ್ಸು ಮಾಡಿದರೆ ನಮ್ಮ ಭಾಗ್ಯ. 2022ರಿಂದ ಕೇಂದ್ರ ಸರ್ಕಾರ ನಡೆಸುತ್ತಿರುವ ನವ ಭಾರತ ಸಾಕ್ಷರತಾ ಕಾರ್ಯಕ್ರಮವೂ ಸ್ವಯಂಸೇವಕರನ್ನೇ ನೆಚ್ಚಿಕೊಂಡಿದೆ. ನಾವು ಹೊಸದೇನನ್ನೂ ಕಂಡುಹಿಡಿಯುತ್ತಿಲ್ಲ.

ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುತ್ತೇವೆ, ರಂಗಮಂದಿರಕ್ಕೆ ಬಣ್ಣ ಹಚ್ಚುತ್ತೇವೆ. ಅವೆಲ್ಲ ಬೇಕು, ನಾನೂ ನನ್ನ ಪಾಲಿನ ದೇಣಿಗೆ ಕೊಟ್ಟಿದ್ದೇನೆ. ಅದರ ಜೊತೆಗೆ ಕಡಿಮೆ ಬೆಲೆಗೆ ಸಿಗುವ ಒಂದು ನೋಟುಪುಸ್ತಕವನ್ನೂ ಇಡೋಣ. ಅದರ ಮೊದಲ ಪುಟದಲ್ಲಿ ಕಲಿಸಲು ಒಪ್ಪಿದ ಆರು ಹೆಸರು ಇಂದೇ ಬೀಳಲಿ. ಪುಸ್ತಕ ಆಫೀಸಿನ ಮೇಜಿನ ಮೇಲಿದೆ, ಊಟಕ್ಕೆ ಹೋಗುವ ದಾರಿಯಲ್ಲೇ. ಆ ಹುಡುಗಿಯನ್ನು ಶೆಡ್ಡಿನಿಂದ ಕರೆತರಲು ನಾಳೆ ಬೆಳಿಗ್ಗೆ ಶಿಕ್ಷಕಿಯವರ ಜೊತೆ ಹೋಗುವವರು ಯಾರೆಂದು ಅಲ್ಲಿಯೇ ಮಾತಾಡಿಕೊಳ್ಳೋಣ.